ಗೂಢಚಾರನ ಬರಿಗೈ ಕಾಳಗ

ಗೂಢಚಾರರ ಚಲನಚಿತ್ರಗಳನ್ನು ಕುರಿತು ಗಂಭೀರವಾಗಿ ಮಾತನಾಡುವವರು ನಮ್ಮಲ್ಲಿ ಕಡಮೆ. ಆ ಚಿತ್ರಗಳಲ್ಲಿ ಬರುವ ಹೊಡೆದಾಟಗಳನ್ನು ಕುರಿತು ಮಾತನಾಡುವವರಂತೂ ಇಲ್ಲವೇ ಇಲ್ಲವೆನ್ನಬೇಕು. ಹೊಡೆದಾಟವೆಂದರೆ ಗಾಂಧಿ ಕ್ಲಾಸಿನ ಸಿಳ್ಳೆಗಾಗಿ ಹಾಕಿದ ಒಗ್ಗರಣೆ ಎಂಬ ತಾತ್ಸಾರ ಸಾಹಿತ್ಯಾಸಕ್ತರ ಮನಸ್ಸಿನಲ್ಲಿ ಬಲವಾಗಿ ಕುಳಿತಿದೆ. ಆದರೆ ಇದೇ ಸಾಹಿತ್ಯಾಸಕ್ತರು ರನ್ನನ ಗದಾಯುದ್ಧವನ್ನು ಓದಿ ರೋಮಾಂಚನಗೊಳ್ಳುತ್ತಾರೆ. ಕುಮಾರವ್ಯಾಸನ ಕೀಚಕವಧೆಯನ್ನು ಗಮಕಿಗಳ ಬಾಯಲ್ಲಿ ಕೇಳಿ ತಲೆದೂಗುತ್ತಾರೆ. ಇಬ್ಬರು ಮನುಷ್ಯರು ಆಯುಧವಿಲ್ಲದೆ ಅಥವಾ ಕೈಗೆ ಸಿಕ್ಕಿದ್ದನ್ನೇ ಆಯುಧ ಮಾಡಿಕೊಂಡು ಒಬ್ಬರನ್ನೊಬ್ಬರು ಕೊಲ್ಲಲು ಹೆಣಗುವುದು ಕಾವ್ಯಕ್ಕೆ ತಕ್ಕ ವಸ್ತುವಾಗಬಹುದಾದರೆ ಚಲನಚಿತ್ರಕ್ಕೆ ಏಕಾಗಬಾರದು? ಅಂಥ ಕೆಲವು ಕಾಳಗಗಳನ್ನು ಆರಿಸಿ, ಅವು ಬಂದ ಕಾಲಕ್ರಮದಲ್ಲಿ ನೋಡುತ್ತ, ಅವಕ್ಕೆ ಒಂದು ತರತಮವನ್ನು ಕಟ್ಟಬೇಕೆಂಬುದು ಈ ಭಾಷಣದ ಉದ್ದೇಶ.

ತರತಮವೆಂದ ಮೇಲೆ ಅಳತೆಗೋಲು ಬೇಕಷ್ಟೆ. ಅದು ನಮ್ಮ ಭಾರತದ ಕಥೆಯಲ್ಲಿಯೇ ಇದೆ. ಭೀಮ ದುರ್ಯೋಧನರ ಗದಾಯುದ್ಧ ಬಹಿರಂಗದ ಯುದ್ಧ. ನೋಡುವವರಿದ್ದಾರೆ, ನಿಯಮವಿದೆ, ನಿಯಮಭಂಗವಾದಾಗ ಕೆರಳುವ ಬಲರಾಮನಿದ್ದಾನೆ. ಕೀಚಕವಧೆ ಹಾಗಲ್ಲ. ಅಡುಗೆಯವನಾಗಿ ಮರೆಸಿಕೊಂಡಿರುವ ಭೀಮ ಹೆಣ್ಣಿನ ವೇಷದಲ್ಲಿ ವಿರಾಟನ ನಾಟ್ಯಶಾಲೆಯ ಕತ್ತಲೆಯಲ್ಲಿ ಕಾಯುತ್ತಾನೆ. ಅಲ್ಲಿ ಗೆದ್ದರೆ ಮಾತ್ರ ಸಾಲದು, ಗೆದ್ದವನು ಯಾರೆಂದು ಲೋಕಕ್ಕೆ ತಿಳಿಯಲೂ ಬಾರದು. ಗುರುತು ಬಯಲಾದರೆ ಮತ್ತೆ ಹನ್ನೆರಡು ವರ್ಷ ಕಾಡು. ಬೆಳಗಾದ ಮೇಲೆ ಹೆಣವನ್ನು ಕಂಡವರಿಗೆ ಸಿಗುವ ಉತ್ತರ ಗಂಧರ್ವರು ಕೊಂದರೆಂಬುದೊಂದೇ. ಗೂಢಚಾರನ ಕಾಳಗ ಈ ಎರಡನೆಯ ಜಾತಿಗೆ ಸೇರಿದ್ದು. ಇಕ್ಕಟ್ಟಾದ ಎಡೆ, ಸದ್ದಾಗಬಾರದೆಂಬ ನಿರ್ಬಂಧ, ನೋಡುವವರಿಲ್ಲದ ಒಂಟಿತನ, ಮುಗಿದ ಮೇಲೆ ಹೇಳಬೇಕಾದ ಸುಳ್ಳು, ಇವಿಷ್ಟೂ ಕೂಡಿಬಂದಾಗ ಅದು ಗೂಢಚಾರನ ಕಾಳಗವಾಗುತ್ತದೆ. ಇಲ್ಲದಿದ್ದರೆ ಅದು ಕುಸ್ತಿಯ ಕಣ ಅಥವಾ ಸರ್ಕಸ್ಸು. ಇನ್ನೊಂದು ಅಂಶವೂ ಉಂಟು. ಗೂಢಚಾರ ಬದುಕುವುದು ಮಾತಿನಿಂದ, ವೇಷದಿಂದ, ಹುಸಿ ಹೆಸರಿನಿಂದ. ಮೈಗೆ ಮೈ ತಾಗಿದ ಗಳಿಗೆಯಲ್ಲಿ ಇವೆಲ್ಲ ಕಳಚಿಬಿದ್ದು, ಭಯಪಡುವ, ಏದುಸಿರು ಬಿಡುವ, ಸಾಯಲೊಲ್ಲದ ಒಂದು ದೇಹ ಮಾತ್ರ ಉಳಿಯುತ್ತದೆ. ಆ ದೇಹವನ್ನು ಚಿತ್ರ ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ? ಸತ್ತವನು ಮನುಷ್ಯನೆಂಬುದನ್ನು ಒಪ್ಪಿಕೊಳ್ಳುತ್ತದೆಯೆ? ನನ್ನ ತಕ್ಕಡಿಯಲ್ಲಿ ಹೆಚ್ಚು ತೂಗುವುದು ಈ ಪ್ರಶ್ನೆ.

ಚಿತ್ರಗಳಿಗೆ ಬರುವ ಮುನ್ನ ನಿಜಜೀವನದ ಒಬ್ಬ ಗುರುವನ್ನು ಪರಿಚಯಿಸಬೇಕು. ಆತನ ಹೆಸರು ವಿಲಿಯಂ ಫೇರ್‌ಬೇರ್ನ್. 1885ರಲ್ಲಿ ಹುಟ್ಟಿದ ಈ ಆಂಗ್ಲ 1907ರಲ್ಲಿ ಶಾಂಘೈ ನಗರದ ಪೊಲೀಸಿಗೆ ಸೇರಿದ. ಬಂದರಿನ ಓಣಿಗಳಲ್ಲಿ ಚೂರಿ ಹಿಡಿದವರ ಎದುರು ನಿಂತು ಕಲಿತದ್ದನ್ನು, ಜಪಾನಿನ ಜುಜುತ್ಸುವನ್ನು, ಚೀನಾದ ಪಟ್ಟುಗಳನ್ನು ಕೂಡಿಸಿ ಒಂದು ಕಾದಾಟದ ಕ್ರಮವನ್ನೇ ಕಟ್ಟಿದ. ಎರಡನೆಯ ಮಹಾಯುದ್ಧ ಬಂದಾಗ ಐವತ್ತೈದರ ಈ ಮನುಷ್ಯನನ್ನು ಬ್ರಿಟನ್ ಸರಕಾರ ಕರೆಸಿಕೊಂಡು, ಶತ್ರುದೇಶದೊಳಕ್ಕೆ ಇಳಿಯಬೇಕಾದ ರಹಸ್ಯ ಯೋಧರಿಗೆ ಗುರುವಾಗಿ ನೇಮಿಸಿತು. ಎರಿಕ್ ಸೈಕ್ಸ್ ಎಂಬ ಸಹೋದ್ಯೋಗಿಯೊಡನೆ ಈತ ರೂಪಿಸಿದ ಕಿರಿದಾದ ಇಬ್ಬಾಯಿ ಕಠಾರಿ ಇಬ್ಬರ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಕೆನಡಾದ ತರಬೇತಿ ಶಿಬಿರದಲ್ಲಿಯೂ ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿಯೂ ಈತನ ಪಾಠಗಳು ನಡೆದುವು. ಪಾಠದ ತಿರುಳು ಬಹಳ ಸರಳ: ಸಭ್ಯ ಮುಷ್ಟಿಯುದ್ಧದ ನಿಯಮಗಳನ್ನು ಮರೆತುಬಿಡಿ, ಅಂಗೈಯ ಬುಡದಿಂದ ಗದ್ದಕ್ಕೆ, ಮೊಣಕಾಲಿನಿಂದ ತೊಡೆಸಂದಿಗೆ, ಸುತ್ತಿಟ್ಟ ಪತ್ರಿಕೆಯಾದರೂ ಸರಿ ಕುರ್ಚಿಯಾದರೂ ಸರಿ, ಸಿಕ್ಕಿದ್ದರಿಂದ ಹೊಡೆಯಿರಿ, ಬೇಗ ಮುಗಿಸಿರಿ. ಮುಂದೆ ಅರ್ಧ ಶತಮಾನ ದಾಟಿದ ಮೇಲೂ ಬೆಳ್ಳಿತೆರೆಯ ಗೂಢಚಾರರು ಅಭಿನಯಿಸುತ್ತ ಬಂದದ್ದು ಒಂದರ್ಥದಲ್ಲಿ ಈ ಶಾಂಘೈ ಪೊಲೀಸನ ಪಾಠವನ್ನೇ.

ಯುದ್ಧಕ್ಕೆ ಮುಂಚಿನ ಚಿತ್ರಗಳಲ್ಲಿ ಇದರ ಸುಳಿವಿಲ್ಲ. 1934ರ 'ದಿ ಮ್ಯಾನ್ ಹೂ ನ್ಯೂ ಟೂ ಮಚ್' ಚಿತ್ರದಲ್ಲಿ ಹಿಚ್‌ಕಾಕ್ ಒಂದು ಪ್ರಾರ್ಥನಾಮಂದಿರದೊಳಗೆ ಕುರ್ಚಿ ಎಸೆದಾಡುವ ಜಗಳವನ್ನಿಟ್ಟಿದ್ದಾನೆ, ಅದು ನಗೆಗಾಗಿ. ಹೊಸ ಪಾಠ ಮೊದಲು ಕಾಣಿಸಿದ್ದು 1946ರಲ್ಲಿ, ಜರ್ಮನಿಯಿಂದ ಹಿಟ್ಲರನ ಕಾಲದಲ್ಲಿ ಹೊರಬಂದ ಫ್ರಿಟ್ಸ್ ಲಾಂಗ್ ಅಮೆರಿಕದಲ್ಲಿ ನಿರ್ದೇಶಿಸಿದ 'ಕ್ಲೋಕ್ ಅಂಡ್ ಡ್ಯಾಗರ್' ಚಿತ್ರದಲ್ಲಿ. ಗ್ಯಾರಿ ಕೂಪರ್ ಇಲ್ಲಿ ಅಣುವಿಜ್ಞಾನಿ; ಗುಪ್ತಚರ ಸಂಸ್ಥೆಯ ಕೋರಿಕೆಯಂತೆ ಯುದ್ಧಕಾಲದ ಯೂರೋಪಿಗೆ ಬಂದಿದ್ದಾನೆ. ಇಟಲಿಯ ಒಂದು ವಠಾರದ ಬಾಗಿಲ ಪಡಸಾಲೆಯಲ್ಲಿ ಫ್ಯಾಸಿಸ್ಟರ ಕಡೆಯ ಲುಯಿಜಿ ಎಂಬವನು ಅವನಿಗೆ ಎದುರಾಗುತ್ತಾನೆ. ಹೊರಗೆ ಬೀದಿಯಲ್ಲಿ ಹಾಡುವವರು ಹಾಡುತ್ತಿದ್ದಾರೆ. ಒಳಗೆ ಒಂದು ಮಾತೂ ಇಲ್ಲ. ಕೌಬಾಯ್ ಚಿತ್ರಗಳಲ್ಲಿ ನೆಟ್ಟಗೆ ನಿಂತು ಮುಷ್ಟಿ ಬೀಸುತ್ತಿದ್ದ ಕೂಪರನನ್ನು ಕಂಡವರಿಗೆ ಇದು ದಿಗಿಲು ಹುಟ್ಟಿಸುವ ನೋಟ: ಬೆರಳು ತಿರುಚುವುದು, ಮುಖ ಪರಚುವುದು, ಗೋಡೆಗೆ ಒತ್ತಿಹಿಡಿದು ಕತ್ತು ಅಮುಕುವುದು. ಬೀದಿಯ ಹಾಡು ಮಾತ್ರ ತನ್ನ ಪಾಡಿಗೆ ಸಾಗುತ್ತಿರುತ್ತದೆ. ಗುಪ್ತಚರ ಸಂಸ್ಥೆಯಲ್ಲಿ ನಿಜವಾಗಿಯೂ ದುಡಿದಿದ್ದ ಮೈಕೆಲ್ ಬರ್ಕ್ ಈ ಚಿತ್ರಕ್ಕೆ ಸಲಹೆಗಾರನಾಗಿದ್ದುದು ಸುಮ್ಮನೆ ಹೋಗಲಿಲ್ಲ. ಚಿತ್ರದ ಉಳಿದ ಭಾಗ ಸಾಧಾರಣ, ಪ್ರೇಮಕಥೆಯಂತೂ ಸಪ್ಪೆ. ಆದರೆ ಈ ಪಡಸಾಲೆಯೊಂದಕ್ಕಾಗಿ ನಾನು ಅದಕ್ಕೆ ನಾಲ್ಕನೆಯ ಸ್ಥಾನ ಕೊಡುತ್ತೇನೆ. ಮುಂದಿನವರೆಲ್ಲ ಬಂದದ್ದು ಈ ಬಾಗಿಲಿನಿಂದಲೇ.

1962ರ 'ದಿ ಮಂಚೂರಿಯನ್ ಕ್ಯಾಂಡಿಡೇಟ್' ಚಿತ್ರದಲ್ಲಿ ಫ್ರಾಂಕ್ ಸಿನಾಟ್ರ ಮತ್ತು ಹೆನ್ರಿ ಸಿಲ್ವ ಒಂದು ವಸತಿಗೃಹದ ಕೋಣೆಯಲ್ಲಿ ನಡೆಸುವ ಕರಾಟೆ ಕಾದಾಟ ಅಮೆರಿಕದ ಚಿತ್ರಗಳಲ್ಲಿ ಆ ವಿದ್ಯೆಯ ತೀರ ಮೊದಮೊದಲ ಪ್ರದರ್ಶನಗಳಲ್ಲೊಂದು. ಗಾಯಕನಾದ ಸಿನಾಟ್ರ ಅದರಲ್ಲಿ ಬೆರಳು ಮುರಿದುಕೊಂಡ. ನೋಡಲು ಚೆಂದ, ಅಷ್ಟೆ.

ಮರುವರ್ಷ, 1963ರಲ್ಲಿ, ಬಂದದ್ದು 'ಫ್ರಮ್ ರಷ್ಯಾ ವಿತ್ ಲವ್'. ಇಯಾನ್ ಫ್ಲೆಮಿಂಗ್ 1957ರಲ್ಲಿ ಬರೆದ ಕಾದಂಬರಿ ಇದರ ಆಧಾರ. ನಿರ್ದೇಶಕ ಟೆರೆನ್ಸ್ ಯಂಗ್. ಇಸ್ತಾಂಬುಲಿನಿಂದ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಬಾಂಡ್‌ನ ಪಾತ್ರದ ಶಾನ್ ಕಾನರಿ ಇದ್ದಾನೆ. ಬ್ರಿಟಿಷ್ ಗೂಢಚಾರನೊಬ್ಬನನ್ನು ಕೊಂದು, ಅವನ ಹೆಸರಿನಲ್ಲಿಯೇ ರೈಲು ಹತ್ತಿದ ಕೊಲೆಗಾರ ಗ್ರ್ಯಾಂಟ್‌ನ ಪಾತ್ರದಲ್ಲಿ ರಾಬರ್ಟ್ ಶಾ. ಈ ಶಾ ಕೇವಲ ನಟನಲ್ಲವೆಂಬುದನ್ನು ಸಾಹಿತ್ಯದ ಓದುಗರು ಗಮನಿಸಬೇಕು. ಆತ ಕಾದಂಬರಿಕಾರ, 'ದಿ ಮ್ಯಾನ್ ಇನ್ ದಿ ಗ್ಲಾಸ್ ಬೂತ್' ಎಂಬ ನಾಟಕದ ಕರ್ತೃ. ಅವನ ಗ್ರ್ಯಾಂಟ್ ಚಿತ್ರದ ಬಹುಭಾಗದಲ್ಲಿ ಮಾತೇ ಆಡುವುದಿಲ್ಲ, ನೆರಳಿನಂತೆ ಹಿಂಬಾಲಿಸುತ್ತಾನೆ. ಬಾಯಿ ತೆರೆದಾಗ ಬರುವುದು ಎರವಲು ಪಡೆದ ಸಂಭಾವಿತ ಇಂಗ್ಲಿಷು. ಊಟದ ಮೇಜಿನಲ್ಲಿ ಮೀನಿನ ಜೊತೆಗೆ ಕೆಂಪು ಮದ್ಯ ತರಿಸಿಕೊಂಡು ಅವನು ತನ್ನ ಹುಟ್ಟನ್ನು ಬಿಟ್ಟುಕೊಡುತ್ತಾನೆ. ಅದನ್ನು ಕಂಡೂ ಬಾಂಡ್ ಸಕಾಲದಲ್ಲಿ ಎಚ್ಚರಗೊಳ್ಳುವುದಿಲ್ಲ. ಇದು ಇಬ್ಬರು ಗೂಢಚಾರರ ಜಗಳ ಮಾತ್ರವಲ್ಲ, ಇಂಗ್ಲೆಂಡಿನ ವರ್ಗಭೇದದ ಜಗಳವೂ ಹೌದು. ಮಂಡಿಯೂರಿ ಕುಳಿತ ಬಾಂಡ್‌ನ ಮುಂದೆ ಬಂದೂಕು ಹಿಡಿದು ನಿಂತಾಗ ಗ್ರ್ಯಾಂಟ್‌ನ ಮುಖದಲ್ಲಿ ಕಾಣುವ ತೃಪ್ತಿ ಬರಿಯ ಕೊಲೆಗಾರನದಲ್ಲ.

ಅನಂತರ ಚಿನ್ನದ ನಾಣ್ಯಗಳ ಆಸೆ, ಪೆಟ್ಟಿಗೆಯಿಂದ ಸಿಡಿಯುವ ಕಣ್ಣೀರಿನ ಹೊಗೆ, ಮತ್ತೆ ಕಾಳಗ. ಮಲಗುವ ಬೋಗಿಯ ಆ ಕೋಣೆ ಇಬ್ಬರು ಕೈ ಚಾಚಿದರೆ ಎರಡು ಗೋಡೆ ತಾಗುವಷ್ಟು ಕಿರಿದು. ದೀಪ ಹೋಗಿ ನೀಲಿ ಮಬ್ಬು ಕವಿಯುತ್ತದೆ. ಜಾನ್ ಬ್ಯಾರಿಯ ಸಂಗೀತ ಇಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೇಳುವುದು ರೈಲಿನ ಗಡಗಡ, ಗಾಜು ಒಡೆದ ಸದ್ದು, ಏದುಸಿರು. ಬಹುಪಾಲನ್ನು ನಟರಿಬ್ಬರೂ ತಾವೇ ಅಭಿನಯಿಸಿದ್ದಾರೆ. ಸಂಕಲನಕಾರ ಪೀಟರ್ ಹಂಟ್ ಚಲನೆಯ ನಡುವೆಯೇ ದೃಶ್ಯವನ್ನು ಕತ್ತರಿಸಿ ಜೋಡಿಸಿದ ರೀತಿ ಆ ಕಾಲಕ್ಕೆ ಹೊಸತು. ಕಣ್ಣು ಮುಂದಿನ ಏಟನ್ನು ನಿರೀಕ್ಷಿಸುವಷ್ಟರಲ್ಲಿ ಏಟು ಬಿದ್ದಾಗಿರುತ್ತದೆ. ಗ್ರ್ಯಾಂಟ್ ತನ್ನ ಕೈಗಡಿಯಾರದೊಳಗಿಂದ ಎಳೆದ ತಂತಿಯಿಂದ ಬಾಂಡ್‌ನ ಕೊರಳು ಬಿಗಿಯುತ್ತಾನೆ. ಬಾಂಡ್ ಪೆಟ್ಟಿಗೆಯಲ್ಲಿ ಅಡಗಿದ್ದ ಚೂರಿಯಿಂದ ಅವನ ತೋಳಿಗೆ ಇರಿದು, ಅದೇ ತಂತಿಯನ್ನು ಅವನ ಕೊರಳಿಗೆ ಸುತ್ತುತ್ತಾನೆ. ಚಿತ್ರದ ಮೊದಲ ದೃಶ್ಯದಲ್ಲಿಯೇ ಗ್ರ್ಯಾಂಟ್ ಈ ತಂತಿಯಿಂದ ಬಾಂಡ್‌ನ ಮುಖವಾಡ ತೊಟ್ಟ ಒಬ್ಬನನ್ನು ಅಭ್ಯಾಸಕ್ಕೆಂದು ಕೊಂದಿದ್ದನೆಂಬುದು ನೆನಪಾದರೆ ಈ ಜೋಡಣೆಯ ಬಿಗಿ ತಿಳಿಯುತ್ತದೆ.

ಗೂಢಚಾರ ಚಿತ್ರಗಳ ಅಭಿಮಾನಿಗಳಲ್ಲಿ ಹೆಚ್ಚಿನವರು ಅಗ್ರಸ್ಥಾನವನ್ನು ಈ ರೈಲಿಗೇ ಕೊಡುತ್ತಾರೆ. ಕೌಶಲದ ದೃಷ್ಟಿಯಿಂದ ಅವರ ಮಾತು ಸರಿ. ಆದರೂ ನಾನು ಇದನ್ನು ಎರಡನೆಯದಾಗಿ ಇರಿಸುತ್ತೇನೆ. ಕಾರಣಗಳು ಎರಡು. ಬಾಂಡ್ ಗೆದ್ದದ್ದು ಅರ್ಧ ತನ್ನ ಬಲದಿಂದ, ಅರ್ಧ ಕಚೇರಿಯವರು ಕೊಟ್ಟ ಮಾಯಾಪೆಟ್ಟಿಗೆಯಿಂದ. ದೇವತೆಗಳು ಕೊಟ್ಟ ದಿವ್ಯಾಸ್ತ್ರದಂತೆ ಅದು. ಎರಡನೆಯದು, ಕೊಂದ ಮೇಲೆ ಅವನು ಸತ್ತವನ ಬಾಯಲ್ಲಿದ್ದ ಸಂಬೋಧನೆಯನ್ನೇ ಅವನಿಗೆ ತಿರುಗಿಸಿ ಒಂದು ಚಾಟುಮಾತು ಆಡುತ್ತಾನೆ. ಅಲ್ಲಿಯವರೆಗೆ ನಮ್ಮ ಉಸಿರು ಕಟ್ಟಿಸಿದ್ದ ಸಾವು ಆ ಮಾತಿನಿಂದ ಹಗುರವಾಗಿಬಿಡುತ್ತದೆ.

ಈ ಚಾಟುಮಾತು ಮುಂದೆ ಒಂದು ರೋಗವಾಯಿತು. 1964ರ 'ಗೋಲ್ಡ್‌ಫಿಂಗರ್' ಚಿತ್ರದ ಆರಂಭದಲ್ಲಿ ಬಾಂಡ್ ಒಬ್ಬನನ್ನು ಸ್ನಾನದ ತೊಟ್ಟಿಗೆ ಕೆಡವಿ, ವಿದ್ಯುತ್ ಕಾಯಿಲನ್ನು ಅದರೊಳಕ್ಕೆ ತಳ್ಳಿ ಕೊಲ್ಲುತ್ತಾನೆ, ಒಂದು ಶ್ಲೇಷೆ ಹೇಳುತ್ತಾನೆ, ಕೋಟು ಹಾಕಿಕೊಂಡು ಹೊರಡುತ್ತಾನೆ. ಅದೇ ಚಿತ್ರದ ಕೊನೆಯಲ್ಲಿ ಫೋರ್ಟ್ ನಾಕ್ಸ್ ಖಜಾನೆಯೊಳಗೆ ಆಡ್‌ಜಾಬ್‌ನೊಡನೆ ನಡೆಯುವ ಕಾಳಗವನ್ನು ಹೊಗಳುವವರಿದ್ದಾರೆ. ಆ ಪಾತ್ರಧಾರಿ ಹೆರಾಲ್ಡ್ ಸಕಾಟ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರ ಎತ್ತುವ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಪಡೆದವನು. ಅವನ ನಿಲುವೇ ಒಂದು ಗೋಡೆ. ಆದರೆ ಅದು ದೈತ್ಯನನ್ನು ಉಪಾಯದಿಂದ ಕೊಲ್ಲುವ ಕಥೆ. ಮಕ್ಕಳಿಗೆ ಇಷ್ಟವಾಗಬೇಕಾದದ್ದೇ.

ಅಂಥ ಹೊತ್ತಿನಲ್ಲಿ, 1966ರಲ್ಲಿ, ಹಿಚ್‌ಕಾಕ್ 'ಟಾರ್ನ್ ಕರ್ಟನ್' ತೆಗೆದ. ಒಟ್ಟು ಚಿತ್ರ ಅವನ ಉತ್ತಮ ಕೃತಿಗಳ ಸಾಲಿಗೆ ಸೇರುವುದಿಲ್ಲವೆಂದು ವಿಮರ್ಶಕರು ಹೇಳಿದ್ದಾರೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅದರೊಳಗಿನ ಒಂದು ದೃಶ್ಯಕ್ಕೆ ನಾನು ಪ್ರಥಮ ಸ್ಥಾನವನ್ನು ಹಿಂಜರಿಕೆಯಿಲ್ಲದೆ ಕೊಡುತ್ತೇನೆ. ಪಾಲ್ ನ್ಯೂಮನ್ ಇಲ್ಲಿಯೂ ಭೌತವಿಜ್ಞಾನಿ, ಇಪ್ಪತ್ತು ವರ್ಷಗಳ ಹಿಂದಿನ ಕೂಪರನಂತೆಯೇ. ಪಕ್ಷಾಂತರ ಮಾಡಿದವನಂತೆ ನಟಿಸಿ ಪೂರ್ವ ಜರ್ಮನಿಗೆ ಬಂದಿದ್ದಾನೆ. ಊರ ಹೊರಗಿನ ಒಂದು ತೋಟದ ಮನೆಗೆ ಗುಟ್ಟಾಗಿ ಹೋದಾಗ ಅವನ ಕಾವಲಿಗೆ ಬಿಟ್ಟ ಗ್ರೋಮೆಕ್ ಎಂಬ ಭದ್ರತಾ ಅಧಿಕಾರಿ ಹಿಂದೆಯೇ ಬಂದು ಗುಟ್ಟನ್ನು ಹಿಡಿಯುತ್ತಾನೆ. ಈ ಗ್ರೋಮೆಕ್ ರಾಕ್ಷಸನಲ್ಲ. ಹಿಂದೊಮ್ಮೆ ನ್ಯೂಯಾರ್ಕಿನಲ್ಲಿ ಇದ್ದವನು, ಅದರ ನೆನಪನ್ನು ಹಲುಬುವವನು, ಸಿಗರೇಟು ಹೊತ್ತಿಸುವ ಅವನ ಲೈಟರು ಸರಿಯಾಗಿ ಹೊತ್ತುವುದೂ ಇಲ್ಲ. ನಮ್ಮ ಯಾವುದೋ ಕಚೇರಿಯಲ್ಲಿ ಕಾಣಬಹುದಾದ, ತುಸು ಹರಟೆಯ, ತುಸು ಒರಟು ಮನುಷ್ಯ.

ಅವನು ಫೋನು ಎತ್ತುತ್ತಾನೆ. ವಿಜ್ಞಾನಿಗೂ ಆ ಮನೆಯ ರೈತನ ಹೆಂಡತಿಗೂ ಬೇರೆ ದಾರಿ ಉಳಿಯುವುದಿಲ್ಲ. ಹೊರಗೆ ಟ್ಯಾಕ್ಸಿಯವನು ಕಾಯುತ್ತಿದ್ದಾನೆ, ಆದ್ದರಿಂದ ಗುಂಡು ಹಾರಿಸುವಂತಿಲ್ಲ. ಆಕೆ ಒಲೆಯ ಮೇಲಿನ ಪಾತ್ರೆಯನ್ನೆತ್ತಿ ಎಸೆಯುತ್ತಾಳೆ. ಅಡುಗೆಯ ಚಾಕುವಿನಿಂದ ಇರಿಯುತ್ತಾಳೆ. ಅಲಗು ಮುರಿದು ಅವನ ಮೈಯಲ್ಲಿಯೇ ಉಳಿಯುತ್ತದೆ, ಅವನು ಸಾಯುವುದಿಲ್ಲ. ಸಲಿಕೆಯಿಂದ ಕಾಲಿಗೆ ಹೊಡೆಯುತ್ತಾಳೆ. ಅವನು ಕುಸಿಯುತ್ತಾನೆ, ಆದರೂ ಸಾಯುವುದಿಲ್ಲ, ಅವನ ಕೈಗಳು ವಿಜ್ಞಾನಿಯ ಕೊರಳನ್ನು ಬಿಡುವುದಿಲ್ಲ. ಕಡೆಗೆ ಇಬ್ಬರೂ ಸೇರಿ ಅವನನ್ನು ನೆಲದ ಮೇಲೆ ದರದರ ಎಳೆದುಕೊಂಡು ಹೋಗಿ, ಗ್ಯಾಸಿನ ಒಲೆಯ ಗೂಡಿನೊಳಕ್ಕೆ ಅವನ ತಲೆಯನ್ನು ತುರುಕಿ ಹಿಡಿಯುತ್ತಾರೆ. ನಮಗೆ ಅವನ ಮುಖ ಕಾಣದು. ಕಾಣುವುದು ಕೈಗಳು ಮಾತ್ರ: ಮೇಲಕ್ಕೆ ಚಾಚಿ ಗಾಳಿಯಲ್ಲಿ ಒದ್ದಾಡಿ, ಬೆರಳುಗಳು ಮೆಲ್ಲಗೆ ಅದುರಿ, ನಿಂತುಹೋಗುತ್ತವೆ. ಅನಂತರ ನ್ಯೂಮನ್ ನೀರಿನ ಬಳಿಗೆ ಹೋಗಿ ಕೈ ತೊಳೆಯುತ್ತಾನೆ.

ಇಡೀ ದೃಶ್ಯಕ್ಕೆ ಸಂಗೀತವಿಲ್ಲ. ಹಿಚ್‌ಕಾಕನ ಎಷ್ಟೋ ಚಿತ್ರಗಳಿಗೆ ಪ್ರಾಣ ತುಂಬಿದ ಬರ್ನಾರ್ಡ್ ಹರ್ಮನ್ ಈ ಕೊಲೆಗೆಂದು ಸಂಗೀತವನ್ನು ಬರೆದಿದ್ದ. ಹಿಚ್‌ಕಾಕ್ ಅವನ ಇಡೀ ರಚನೆಯನ್ನೇ ತಿರಸ್ಕರಿಸಿದ, ಅವರ ದೀರ್ಘ ಸ್ನೇಹ ಅಲ್ಲಿಗೆ ಮುರಿಯಿತು. ಚಿತ್ರಕ್ಕೆ ಬೇರೆ ಸಂಗೀತವನ್ನು ಜಾನ್ ಆಡಿಸನ್ ಒದಗಿಸಿದ. ಈ ದೃಶ್ಯ ಮಾತ್ರ ಮೂಕವಾಗಿಯೇ ಉಳಿಯಿತು. ಒಬ್ಬ ಮನುಷ್ಯನನ್ನು ಕೊಲ್ಲುವುದು ಎಷ್ಟು ಕಷ್ಟ, ಎಷ್ಟು ನೋವಿನದು, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ತೋರಿಸಬೇಕೆಂಬುದು ತನ್ನ ಉದ್ದೇಶವಾಗಿತ್ತೆಂದು ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋನೊಡನೆ ಮಾತನಾಡುತ್ತ ಹೇಳಿದ್ದಾನೆ. ಆಗ ಗೂಢಚಾರ ಚಿತ್ರಗಳಲ್ಲಿ ಒಂದೊಂದು ರೀಲಿಗೆ ಹತ್ತು ಹೆಣ ಬೀಳುತ್ತಿದ್ದ ಕಾಲ. ಈ ಮಾತು ಆ ಪರಂಪರೆಗೆ ಕೊಟ್ಟ ಉತ್ತರ. ಜರ್ಮನ್ ನೆಲದಲ್ಲಿ, ಮಹಾಯುದ್ಧ ಮುಗಿದು ಇಪ್ಪತ್ತೊಂದು ವರ್ಷವಾಗಿರುವಾಗ, ಮನುಷ್ಯನೊಬ್ಬನನ್ನು ಅನಿಲದಿಂದ ಕೊಲ್ಲುವ ದೃಶ್ಯವಿದು; ಅದರ ಹಿಂದೆ ನಿಂತಿರುವ ನೆರಳನ್ನು ನಾನು ವಿವರಿಸಬೇಕಾಗಿಲ್ಲ. ಕೊಲ್ಲುತ್ತಿರುವವರು ನಮ್ಮ ಪಕ್ಷದವರು, ಸಜ್ಜನರು. ಒಬ್ಬ ಪ್ರಾಧ್ಯಾಪಕ, ಒಬ್ಬ ಗೃಹಿಣಿ. ಗ್ರೋಮೆಕ್‌ನ ಪಾತ್ರ ವಹಿಸಿದ್ದ ಜರ್ಮನ್ ನಟ ವೋಲ್ಫ್‌ಗಾಂಗ್ ಕೀಲಿಂಗ್ 1968ರಲ್ಲಿ ಪಶ್ಚಿಮ ಜರ್ಮನಿಯನ್ನು ಬಿಟ್ಟು ನಿಜವಾಗಿಯೂ ಪೂರ್ವ ಜರ್ಮನಿಗೆ ಹೋಗಿ, ಕೆಲಕಾಲದ ಮೇಲೆ ಹಿಂದಿರುಗಿದನೆಂಬುದು ಇತಿಹಾಸದ ಒಂದು ಕುಚೋದ್ಯ.

ಇದು ಕಾಳಗವಲ್ಲ, ಕೊಲೆ, ಎಂದು ಯಾರಾದರೂ ಆಕ್ಷೇಪಿಸಬಹುದು. ಗೂಢಚಾರರ ಲೋಕದಲ್ಲಿ ಆ ಎರಡಕ್ಕೂ ನಡುವೆ ಗೆರೆ ಎಲ್ಲಿದೆ? ಆ ವರ್ಷಗಳಲ್ಲಿ ಎರಡು ಬಣಗಳ ಸರಕಾರಗಳೂ ಜನರ ಕಣ್ಣಿಗೆ ಬೀಳದಂತೆ ಇಂಥ ಕೆಲಸ ಮಾಡಿಸುತ್ತಿದ್ದವು. ಅದರ ಬೆಲೆಯೇನೆಂದು ಸಾಮಾನ್ಯ ಪ್ರಜೆ ಕಣ್ಣಾರೆ ಕಾಣಬಹುದಾಗಿದ್ದ ಸ್ಥಳ ಚಿತ್ರಮಂದಿರವೊಂದೇ. ಅಲ್ಲಿಯೂ ಅವನಿಗೆ ಸಿಗುತ್ತಿದ್ದುದು ಹೆಚ್ಚಾಗಿ ಶ್ಲೇಷೆ.

ಈ ಗೂಢಚಾರರ ಅಲೆ ನಮ್ಮ ದಡಕ್ಕೂ ಬಂದಿತ್ತು. ತೆಲುಗಿನಲ್ಲಿ 1966ರಲ್ಲಿ 'ಗೂಢಚಾರಿ 116', ಅದರ ಹಿಂದಿ ರೂಪವಾಗಿ 1967ರಲ್ಲಿ 'ಫರ್ಜ್', ಕನ್ನಡದಲ್ಲಿ 1968ರಲ್ಲಿ ದೊರೆ–ಭಗವಾನ್ ಜೋಡಿಯ 'ಜೇಡರ ಬಲೆ'. ರಾಜಕುಮಾರ್ ಅವರ ಸಿ.ಐ.ಡಿ. 999 ಅದೇ ವರ್ಷ ಗೋವಾಕ್ಕೆ ಹೋಗಿ, 1969ರಲ್ಲಿ 'ಆಪರೇಷನ್ ಜಾಕ್‌ಪಾಟ್' ನಡೆಸಿ, 1978ರಲ್ಲಿ ವಜ್ರದ ಕಳ್ಳರನ್ನು ಹಿಡಿದ. ವಾಣಿಯವರ 'ಎರಡು ಕನಸು' ಕಾದಂಬರಿಯನ್ನು ತೆರೆಗೆ ತಂದವರೂ ಇದೇ ದೊರೆ–ಭಗವಾನ್ ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಈ ಚಿತ್ರಗಳ ಹೊಡೆದಾಟವನ್ನು ನಾನು ಈ ಸ್ಪರ್ಧೆಗೆ ಎಳೆದು ತರುವುದಿಲ್ಲ. ಅವು ಬೇರೆ ಧರ್ಮದವು. ಕಂಪನಿ ನಾಟಕದ ರಂಗದಿಂದ ಬಂದ ನಟನಿಗೆ ಎದುರಿಗೆ ಸಭೆ ಇದ್ದೇ ಇರುತ್ತದೆ. ಅದು ಗದಾಯುದ್ಧದ ಜಾತಿ, ನಾಟ್ಯಶಾಲೆಯ ಕತ್ತಲಿನದಲ್ಲ. ಆ ಜಾತಿಯಲ್ಲಿ ಅವಕ್ಕೆ ಅವುಗಳದೇ ಸೊಗಸಿದೆ.

ಅತ್ತ ಬಾಂಡ್ ಚಿತ್ರಗಳು ರೈಲಿನ ಕೋಣೆಯ ನೆನಪಿನಲ್ಲಿಯೇ ಬದುಕಿದುವು. 1973ರಲ್ಲಿ ಕಬ್ಬಿಣದ ಕೈಯವನೊಡನೆ ರೈಲಿನಲ್ಲಿ, 1977ರಲ್ಲಿ ಉಕ್ಕಿನ ಹಲ್ಲಿನವನೊಡನೆ ಮತ್ತೆ ರೈಲಿನಲ್ಲಿ. ಗಾಬರಿ ಹೋಗಿ ಗೇಲಿ ಉಳಿಯಿತು. 1983ರ 'ಆಕ್ಟೊಪಸಿ' ಉದಯಪುರಕ್ಕೆ ಬಂದಾಗ ಕಬೀರ್ ಬೇಡಿಯಂಥ ನಟನಿಗೆ ಪಗಡೆಯ ದಾಳಗಳನ್ನು ಮುಷ್ಟಿಯಲ್ಲಿ ಪುಡಿಮಾಡುವ ಕೆಲಸ ಕೊಟ್ಟರು, ವಿಜಯ್ ಅಮೃತರಾಜ್ ಅವರ ಕೈಗೆ ಟೆನಿಸ್ ರ್‍ಯಾಕೆಟ್ಟು ಕೊಟ್ಟು ಎದುರಾಳಿಗಳನ್ನು ಹೊಡೆಯಿಸಿದರು. ಈ ನಡುಗಾಲದಲ್ಲಿ ನನಗೆ ಮೆಚ್ಚಿಗೆಯಾಗುವುದು 1971ರ 'ಡೈಮಂಡ್ಸ್ ಆರ್ ಫಾರ್ ಎವರ್' ಚಿತ್ರದ ಆಮ್‌ಸ್ಟರ್‌ಡಾಮ್ ನಗರದ ಲಿಫ್ಟು. ಕುಸ್ತಿ ಬಲ್ಲ ಜೋ ರಾಬಿನ್‌ಸನ್ ಮತ್ತು ಕಾನರಿ, ಇಬ್ಬರೂ ದೊಡ್ಡ ಆಳುಗಳು, ಬೀರುವಿನಷ್ಟು ಜಾಗದಲ್ಲಿ ಮೊಣಕೈ ಆಡಿಸಲೂ ಆಗದೆ ಸೆಣಸುತ್ತಾರೆ. ಗೆದ್ದ ಮೇಲೆ ಬಾಂಡ್ ತನ್ನ ಗುರುತಿನ ಚೀಟಿಯನ್ನು ಹೆಣದ ಜೇಬಿಗೆ ಸೇರಿಸುತ್ತಾನೆ. ಅದನ್ನು ನೋಡಿದ ಹೆಂಗಸು, ನೀನು ಜೇಮ್ಸ್ ಬಾಂಡ್‌ನನ್ನೇ ಕೊಂದೆಯಲ್ಲ ಎಂದು ಬೆರಗಾಗುತ್ತಾಳೆ. ಕೊಂದವನು ತನ್ನ ಹೆಸರನ್ನು ಸತ್ತವನಿಗೆ ತೊಡಿಸುವ ಈ ಉಪಾಯ ಅಪ್ಪಟ ಗೂಢಚಾರಿಕೆ. ಇದನ್ನು ಆರನೆಯ ಸ್ಥಾನಕ್ಕೆಂದು ಸದ್ಯಕ್ಕೆ ಕಾದಿರಿಸೋಣ.

ಮೂವತ್ತು ವರ್ಷ ದಾಟಿ ಬಂದರೆ ಬೋರ್ನ್ ಚಿತ್ರಗಳು. ರಾಬರ್ಟ್ ಲಡ್ಲಮ್ 1980ರಲ್ಲಿ ಬರೆದ ಕಾದಂಬರಿಯಿಂದ ಹುಟ್ಟಿದ ಈ ನಾಯಕನಿಗೆ ತನ್ನ ಹೆಸರೇ ನೆನಪಿಲ್ಲ; ಆದರೆ ಕೈಗಳಿಗೆ ಕೊಲ್ಲುವುದು ನೆನಪಿದೆ. ಗೂಢಚಾರನ ಕಾಳಗಕ್ಕೆ ಇದಕ್ಕಿಂತ ಒಳ್ಳೆಯ ತಳಹದಿ ಯಾರೂ ಹಾಕಿರಲಿಲ್ಲ. 2002ರಲ್ಲಿ ಪ್ಯಾರಿಸ್ಸಿನ ಮನೆಯಲ್ಲಿ ಅವನ ಆಯುಧ ಒಂದು ಪೆನ್ನು. 2004ರಲ್ಲಿ ಮ್ಯೂನಿಕ್ಕಿನಲ್ಲಿ ಸುರುಳಿ ಸುತ್ತಿದ ಪತ್ರಿಕೆ, ಅಂದರೆ ಫೇರ್‌ಬೇರ್ನ್ ಗುರುವಿನ ಪಾಠ. ಮೂರನೆಯ ಚಿತ್ರವಾದ 2007ರ 'ದಿ ಬೋರ್ನ್ ಅಲ್ಟಿಮೇಟಮ್'ನಲ್ಲಿ, ಮೊರಾಕ್ಕೋ ದೇಶದ ಟ್ಯಾಂಜಿಯರ್ ನಗರದಲ್ಲಿ ನಡೆಯುವ ಕಾಳಗಕ್ಕೆ ನನ್ನ ಮೂರನೆಯ ಸ್ಥಾನ. ಮಾಳಿಗೆಯಿಂದ ಮಾಳಿಗೆಗೆ ಹಾರಿ ಕಿಟಕಿಯ ಮೂಲಕ ಒಳಬಿದ್ದ ಮ್ಯಾಟ್ ಡೇಮನ್ ಎದುರಿಸುವುದು ತನ್ನಂಥವನನ್ನೇ, ಅದೇ ಕಚೇರಿ ಅಟ್ಟಿದ ಇನ್ನೊಬ್ಬ ಕೊಲೆಗಾರನನ್ನು. ಅಲ್ಲಿಯವರೆಗೆ ಭೋರ್ಗರೆಯುತ್ತಿದ್ದ ಸಂಗೀತ ಥಟ್ಟನೆ ನಿಲ್ಲುತ್ತದೆ. ಕೈಗೆ ಸಿಕ್ಕಿದ ದಪ್ಪ ಪುಸ್ತಕ ಆಯುಧವಾಗುತ್ತದೆ. ಪುಸ್ತಕದ ಈ ಉಪಯೋಗ ನಮ್ಮಂಥ ಮೇಷ್ಟರುಗಳಿಗೆ ಹೊಳೆದಿರಲಿಲ್ಲ. ಕಡೆಗೆ ಬಚ್ಚಲಮನೆಯ ನೆಲದ ಮೇಲೆ, ಟವೆಲಿನಿಂದ ಬಿಗಿದ ಕೊರಳು. ಕೊಂದವನ ಮುಖದಲ್ಲಿ ಗೆಲುವಿಲ್ಲ, ಅಲ್ಲಿ ಹೇಸಿಗೆಯಿದೆ. ಸತ್ತವನ ಫೋನಿನಿಂದಲೇ, ಬೋರ್ನ್ ಸತ್ತನೆಂಬ ಸುಳ್ಳು ವರದಿ ಕಚೇರಿಗೆ ಹೋಗುತ್ತದೆ. ಲಿಫ್ಟಿನ ಉಪಾಯ ಇಲ್ಲಿ ನಗೆಯಿಲ್ಲದೆ ಮರುಕಳಿಸಿದೆ. ಸಂಕಲನಕ್ಕಾಗಿ ಕ್ರಿಸ್ಟೋಫರ್ ರೌಸ್‌ಗೆ ಆಸ್ಕರ್ ಬಂತು. ಕ್ಯಾಮೆರಾದ ನಿಲ್ಲದ ಅಲುಗಾಟದಿಂದ ತಲೆ ತಿರುಗುತ್ತದೆಂಬ ದೂರು ಸುಳ್ಳಲ್ಲ. ಆದರೆ ಇಲ್ಲಿ ಆ ಅಲುಗಾಟ ಒಬ್ಬ ಮನುಷ್ಯನ ಗಾಬರಿಯೇ ಆಗಿದೆ. ಅನುಕರಿಸಿದವರ ಕೈಯಲ್ಲಿ ಅದು ಬರಿಯ ಕಣ್ಕಟ್ಟಾಯಿತು.

ಬೋರ್ನ್ ಬಂದ ಮೇಲೆ ಬಾಂಡ್ ಕೂಡ ಬದಲಾಗಬೇಕಾಯಿತು. 2006ರ 'ಕ್ಯಾಸಿನೊ ರಾಯಲ್' ಕಪ್ಪು ಬಿಳುಪಿನಲ್ಲಿ, ಒಂದು ಶೌಚಾಲಯದ ಕೊಳಕು ಕೊಲೆಯಿಂದ ಆರಂಭವಾಗುತ್ತದೆ. 1953ರ ಮೂಲ ಕಾದಂಬರಿಯಲ್ಲಿ ಬಾಂಡ್‌ನ ಎರಡನೆಯ ಬಲಿ ಬೇಗ ಸಾಯಲಿಲ್ಲವೆಂಬ ಸುಳಿವನ್ನು ಫ್ಲೆಮಿಂಗನೇ ಕೊಟ್ಟಿದ್ದ. ಚಿತ್ರದವರು ಅದನ್ನು ಕಂಡುಕೊಳ್ಳಲು ಅರ್ಧ ಶತಮಾನ ಬೇಕಾಯಿತು. ಆದರೆ ನಾನು ಐದನೆಯ ಸ್ಥಾನ ಕೊಡುವುದು ಅದೇ ಚಿತ್ರದ ಮೆಟ್ಟಿಲುಗಳ ಮೇಲಿನ ಕಾಳಗಕ್ಕೆ. ಡೇನಿಯಲ್ ಕ್ರೇಗ್ ಮಚ್ಚು ಹಿಡಿದವನೊಬ್ಬನೊಡನೆ ಹೋಟೆಲಿನ ಹಿಂಬದಿಯ ಮೆಟ್ಟಿಲುಗಳಲ್ಲಿ ಉರುಳುತ್ತ ಕೆಳಗಿಳಿದು, ಕತ್ತು ಬಿಗಿದು ಕೊಲ್ಲುತ್ತಾನೆ. ಜೊತೆಗಿದ್ದ ವೆಸ್ಪರ್ ಖಜಾನೆಯ ಲೆಕ್ಕದ ಹೆಣ್ಣು. ಸಾಯುತ್ತಿರುವವನ ಕೈಯ ಬಂದೂಕನ್ನು ಕಿತ್ತೊಗೆದು ಆಕೆಯೂ ಪಾಲುದಾರಳಾಗುತ್ತಾಳೆ. ಬಾಂಡ್ ಕನ್ನಡಿಯ ಮುಂದೆ ರಕ್ತ ತೊಳೆದುಕೊಂಡು, ಅಂಗಿ ಬದಲಿಸಿ, ಮತ್ತೆ ಜೂಜಿನ ಮೇಜಿಗೆ ಹೋಗಿ ಕೂರುತ್ತಾನೆ. ಆಕೆ ಮಾತ್ರ ಉಟ್ಟ ಬಟ್ಟೆಯಲ್ಲಿಯೇ ಸ್ನಾನದ ನೀರಿನ ಕೆಳಗೆ ಕುಳಿತು ನಡುಗುತ್ತಿರುತ್ತಾಳೆ. ಚಾಟುಮಾತು ಇಲ್ಲ, ಅವನು ಬಂದು ಬಟ್ಟೆಯಲ್ಲಿಯೇ ಪಕ್ಕದಲ್ಲಿ ಕೂರುತ್ತಾನೆ.

ಮುಂದಿನವನ್ನು ಬೇಗ ಮುಗಿಸಬಹುದು. 2011ರ 'ಹೇವೈರ್'ನಲ್ಲಿ ನಿಜಜೀವನದ ಮಲ್ಲಯೋಧೆ ಜೀನಾ ಕರಾನೊ ಡಬ್ಲಿನ್ನಿನ ಹೋಟೆಲು ಕೋಣೆಯನ್ನು ಸಂಗೀತವಿಲ್ಲದೆ ಪುಡಿಗಟ್ಟುತ್ತಾಳೆ. ಅಚ್ಚುಕಟ್ಟು, ಆದರೆ ತಣ್ಣಗಿದೆ. 2018ರ 'ಮಿಷನ್ ಇಂಪಾಸಿಬಲ್' ಚಿತ್ರದ ಪ್ಯಾರಿಸ್ ಶೌಚಾಲಯದಲ್ಲಿ ಇಬ್ಬರು ನಾಯಕರು ಸೇರಿ ಒಬ್ಬನನ್ನು ಸೋಲಿಸಲಾರದೆ ಹೋಗುವುದು ಒಳ್ಳೆಯ ತಮಾಷೆ.

ಉಳಿದಿರುವುದು 2017ರ 'ಅಟಾಮಿಕ್ ಬ್ಲಾಂಡ್'. 1989ರ ಬರ್ಲಿನ್, ಗೋಡೆ ಬೀಳುವ ದಿನಗಳು; ಡೇವಿಡ್ ಲೀಚ್‌ನ ನಿರ್ದೇಶನ. ಚಾರ್ಲೀಜ್ ಥೆರಾನ್ ಒಂದು ಹಳೆಯ ಕಟ್ಟಡದ ಮೆಟ್ಟಿಲುಗಳಲ್ಲಿ ಒಬ್ಬರಾದ ಮೇಲೊಬ್ಬರೊಡನೆ ಕಾದುವ ದೃಶ್ಯ ಸುಮಾರು ಹತ್ತು ನಿಮಿಷ ಒಂದೇ ಉಸಿರಿನಲ್ಲಿ ಸಾಗಿದಂತೆ ಕಾಣುತ್ತದೆ. ಹಲವು ತುಣುಕುಗಳನ್ನು ಹೊಲಿಗೆ ಕಾಣದಂತೆ ಜೋಡಿಸಿದ್ದು ಅದು. ಹೊಲಿಗೆ ಎಲ್ಲಿದೆಯೆಂದು ಹುಡುಕುವ ಹಂಬಲ ನನಗಿಲ್ಲ. ಬಂದೂಕುಗಳ ಸದ್ದೂ ಇರುವುದರಿಂದ ಗುಟ್ಟಿನ ನಿಯಮ ಇಲ್ಲಿ ಮುರಿದಿದೆ. ಆದರೂ ಹೊಡೆತದ ನಡುವೆ ಗೋಡೆಗೆ ಒರಗಿ ಉಸಿರೆಳೆದುಕೊಳ್ಳುವ, ಎದ್ದು ನಿಲ್ಲಲು ಎರಡು ಸಲ ಯತ್ನಿಸಿ ಬೀಳುವ, ಎದುರಾಳಿಯೂ ಅಷ್ಟೇ ಬಳಲಿ ತೂರಾಡುವ ಆ ನಿಧಾನ ಬೇರೆಲ್ಲೂ ಕಂಡದ್ದಲ್ಲ. ತರಬೇತಿಯ ಕಾಲದಲ್ಲಿ ಆ ನಟಿಯ ಎರಡು ಹಲ್ಲು ಬಿರುಕುಬಿಟ್ಟವಂತೆ; ತೆರೆಯ ಮೇಲೆ ಅದು ನಂಬುವಂತಿದೆ. ಆಮ್‌ಸ್ಟರ್‌ಡಾಮಿನ ಲಿಫ್ಟನ್ನು ಕೆಳಗಿಳಿಸಿ ಆರನೆಯ ಸ್ಥಾನವನ್ನು ನಾನು ಈ ಮೆಟ್ಟಿಲುಗಳಿಗೆ ಕೊಡುತ್ತೇನೆ. ಚಿತ್ರದ ಆರಂಭದಲ್ಲಿಯೇ ನಿರ್ದೇಶಕ ಅವಳನ್ನು ಮಂಜುಗಡ್ಡೆ ತುಂಬಿದ ಸ್ನಾನದ ತೊಟ್ಟಿಯಲ್ಲಿ ತೋರಿಸಿರುತ್ತಾನೆ: ಬೆನ್ನಿನ ಮೇಲೆ ನೀಲಿಗಟ್ಟಿದ ಬಾಸುಂಡೆಗಳು, ಊದಿದ ಕಣ್ಣು. ಅವು ಎಲ್ಲಿಂದ ಬಂದವೆಂದು ನಮಗೆ ತಿಳಿಯುವುದು ಬಹಳ ಹೊತ್ತಿನ ಮೇಲೆ, ಆ ಮೆಟ್ಟಿಲುಗಳಲ್ಲಿ.